ಹೆಚ್ಚುವರಿ ದುಡಿಮೆ ಮನಸ್ಸನ್ನು ಸವೆಸುವಾಗ ಅದು ದುಡಿಯುವವನಿಗೇ ಏಕೆ ತಿಳಿಯುವುದಿಲ್ಲ?

ಹೊಸಕೆರೆಹಳ್ಳಿ ನಿವಾಸಿ

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ವಾರ ಯೋಚಿಸಿ, ಕೊನೆಗೆ ನನ್ನಂಥವರು ಇನ್ನೂ ಇರಬಹುದು ಎಂದೆನಿಸಿ ಬರೆಯುತ್ತಿದ್ದೇನೆ. ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕಳೆದ ಹದಿನಾಲ್ಕು ತಿಂಗಳಿಂದ ನಮ್ಮ ತಂಡಕ್ಕೆ ಅಮೆರಿಕದ ಪಶ್ಚಿಮ ಕರಾವಳಿಯ ಗ್ರಾಹಕರು ಸಿಕ್ಕಿದ್ದಾರೆ. ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಇಲ್ಲಿನ ಕೆಲಸ. ಊಟ ಮುಗಿಸಿ ರಾತ್ರಿ ಒಂಬತ್ತೂವರೆಗೆ ಮತ್ತೆ ಕರೆಗಳಿಗೆ ಕುಳಿತರೆ ಏಳುವಾಗ ಒಂದು ಗಂಟೆಯಾಗಿರುತ್ತದೆ. ರಿಲೀಸ್, ಅಂದರೆ ಹೊಸ ಆವೃತ್ತಿಯ ಬಿಡುಗಡೆ, ಇರುವ ವಾರದಲ್ಲಿ ಶನಿವಾರವೂ ಇಲ್ಲ, ಭಾನುವಾರವೂ ಇಲ್ಲ. ಅದಕ್ಕೆ ಬದಲಿ ರಜೆ (ಕಾಂಪ್ ಆಫ್) ಕೊಡುತ್ತೇವೆ ಎನ್ನುತ್ತಾರೆ, ಆದರೆ ಅದನ್ನು ತೆಗೆದುಕೊಳ್ಳುವ ದಿನವೊಂದು ಬರುವುದೇ ಇಲ್ಲ.

ನಾಲ್ಕು ತಿಂಗಳ ಹಿಂದೆ ತಿಪಟೂರಿನಿಂದ ಅಮ್ಮ ಕರೆ ಮಾಡಿ ಸೋದರಮಾವ ತೀರಿಕೊಂಡರು ಎಂದರು. ನಾನು ಹೈಸ್ಕೂಲು ಓದಿದ್ದು ಅವರ ಮನೆಯಲ್ಲಿದ್ದುಕೊಂಡು. ನನಗೆ ಸೈಕಲ್ ಕಲಿಸಿದವರು, ಇಂಜಿನಿಯರಿಂಗ್ ಸೇರುವಾಗ ಮೊದಲ ಶುಲ್ಕ ಕಟ್ಟಿದವರು ಅವರು. ಅಮ್ಮನಿಗೆ ನಾನು ಕೊಟ್ಟ ಉತ್ತರ, "ಸರಿ, ಏನಾಯಿತೆಂದು ಆಮೇಲೆ ತಿಳಿಸು." ಆ ಕೂಡಲೇ ಮತ್ತೆ ಕಂಪ್ಯೂಟರಿನತ್ತ ತಿರುಗಿದೆ. ಅಂತ್ಯಕ್ರಿಯೆಗೆ ಹೋದೆ, ಅದೇ ರಾತ್ರಿ ಹಿಂತಿರುಗಿದೆ. ದುಃಖವಾಗಲಿಲ್ಲ. ದುಃಖವಾಗುತ್ತಿಲ್ಲ ಎಂಬುದು ಕೂಡ ಗಮನಕ್ಕೆ ಬರಲಿಲ್ಲ. ಅದನ್ನು ಹೇಳಿದವಳು ನನ್ನ ಹೆಂಡತಿ, ಅದೂ ಮೂರು ವಾರಗಳ ನಂತರ. "ನೀವು ಮಾವನ ಹೆಸರನ್ನೇ ಎತ್ತಿಲ್ಲ" ಎಂದಾಗ ನನಗೆ ಹೆದರಿಕೆಯಾಯಿತು.

ನನ್ನನ್ನು ಹೆಚ್ಚು ಕಾಡುತ್ತಿರುವುದು ಇನ್ನೊಂದು ವಿಷಯ. ಅದೇ ತಿಂಗಳು ಸಂಸ್ಥೆಯವರು ಉದ್ಯೋಗಿಗಳ ಯೋಗಕ್ಷೇಮದ ಪ್ರಶ್ನಾವಳಿ ಕಳುಹಿಸಿದ್ದರು. ಒತ್ತಡ, ನಿದ್ರೆ, ಉತ್ಸಾಹ ಎಲ್ಲದಕ್ಕೂ ನಾನು "ಚೆನ್ನಾಗಿದೆ" ಎಂದೇ ಗುರುತು ಹಾಕಿದ್ದೆ. ಭಯದಿಂದಲ್ಲ, ಮೇಲಿನವರನ್ನು ಮೆಚ್ಚಿಸಲೂ ಅಲ್ಲ. ಪ್ರಾಮಾಣಿಕವಾಗಿ ಹಾಗೆಂದೇ ನಂಬಿದ್ದೆ. ಮೈಗೆ ಜ್ವರ ಬಂದರೆ ಮೈಗೆ ಗೊತ್ತಾಗುತ್ತದೆ. ಮನಸ್ಸು ಸವೆಯುವಾಗ ಅದನ್ನು ಅಳೆಯುವ ಕೋಲೂ ಮನಸ್ಸೇ ಆಗಿರುವುದರಿಂದ, ಎರಡೂ ಒಟ್ಟಿಗೆ ಸವೆದು ಅಳತೆ ಮಾತ್ರ ಸರಿಯಾಗಿಯೇ ಕಾಣಿಸುತ್ತದೆಯೇ? ತಿಳಿದವರು ಹೇಳಬೇಕು.

ಧಾರವಾಡದ ಮನೋವೈದ್ಯೆ

ನಿಮ್ಮ ಅಳತೆಕೋಲಿನ ಮಾತಿಗೆ ಬಹಳ ಹತ್ತಿರವಾದ ಒಂದು ಪ್ರಯೋಗವಿದೆ. 2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಆರೋಗ್ಯವಂತರಾದ ಕೆಲವರನ್ನು 14 ದಿನಗಳ ಕಾಲ ರಾತ್ರಿಗೆ 6 ಗಂಟೆ ಅಥವಾ 4 ಗಂಟೆ ಮಾತ್ರ ಮಲಗಲು ಬಿಟ್ಟು, ಪ್ರತಿದಿನ ಅವರ ಗಮನಶಕ್ತಿಯನ್ನೂ ನೆನಪನ್ನೂ ಪರೀಕ್ಷಿಸಿದರು. ದಿನ ಕಳೆದಂತೆ ಅವರ ಸಾಮರ್ಥ್ಯ ಇಳಿಯುತ್ತಲೇ ಹೋಗಿ, ಎರಡು ವಾರಗಳ ಕೊನೆಗೆ ಎರಡು ರಾತ್ರಿ ಪೂರ್ತಿ ಎಚ್ಚರವಿದ್ದವರ ಮಟ್ಟದವರೆಗೂ ಕುಸಿದಿತ್ತು. ಆದರೆ "ನಿಮಗೆಷ್ಟು ನಿದ್ದೆ ಬರುತ್ತಿದೆ" ಎಂದು ಕೇಳಿದರೆ, ಮೊದಲ ಕೆಲವು ದಿನ ಏರಿದ ಅಂಕ ಆಮೇಲೆ ಹೆಚ್ಚೂಕಡಿಮೆ ಅಲ್ಲೇ ನಿಂತುಬಿಟ್ಟಿತ್ತು. ಅಂದರೆ ಕೆಲಸ ಕೆಡುತ್ತಾ ಹೋಯಿತು, ಕೆಡುತ್ತಿದೆ ಎಂಬ ಅರಿವು ಮಾತ್ರ ಬೆಳೆಯಲಿಲ್ಲ. ನೀವು ಪ್ರಶ್ನಾವಳಿಯಲ್ಲಿ ಬರೆದದ್ದು ಸುಳ್ಳಲ್ಲ; ಆ ಹೊತ್ತಿಗೆ ನಿಮಗೆ ಹಾಗೆಯೇ ಅನ್ನಿಸುತ್ತಿತ್ತು.

ದುಃಖವೇ ಆಗಲಿಲ್ಲ ಎಂಬುದರ ಬಗ್ಗೆ ಹೇಳುವುದಾದರೆ, ದೀರ್ಘಕಾಲದ ಒತ್ತಡದಲ್ಲಿರುವ ಮಿದುಳು ತುರ್ತಿನ ಕೆಲಸಕ್ಕೆ ಬೇಕಾದದ್ದನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಬದಿಗೆ ಸರಿಸುತ್ತದೆ. ಸಂಜೆಯಾಗುತ್ತಿದ್ದಂತೆ ಇಳಿಯಬೇಕಾದ ಕಾರ್ಟಿಸಾಲ್ ಎಂಬ ಹಾರ್ಮೋನು ರಾತ್ರಿಯ ಕರೆಗಳಿಂದಾಗಿ ಸರಿಯಾಗಿ ಇಳಿಯುವುದಿಲ್ಲ. ಭಾವನೆಗಳನ್ನು ಹದಗೊಳಿಸುವ ಕನಸಿನ ನಿದ್ರೆ ಹೆಚ್ಚಾಗಿ ಬರುವುದು ಬೆಳಗಿನ ಜಾವದಲ್ಲಿ. ಒಂದು ಗಂಟೆಗೆ ಮಲಗಿ ಆರೂವರೆಗೆ ಏಳುವವರು ಕಳೆದುಕೊಳ್ಳುವುದು ಆ ಕೊನೆಯ ಭಾಗವನ್ನೇ. ಇದು ಹೀಗೇ ಮುಂದುವರಿದಾಗ ಮೊದಲು ಸಂತೋಷ ಮಂಕಾಗುತ್ತದೆ. ದುಃಖವೂ ಮಂಕಾಗುತ್ತದೆ ಎಂಬುದನ್ನು ಜನ ನಿರೀಕ್ಷಿಸಿರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಬರ್ನ್‌ಔಟ್‌ಗೆ ಮೂರು ಲಕ್ಷಣಗಳನ್ನು ಹೇಳಿದೆ: ಶಕ್ತಿಯೆಲ್ಲ ಬತ್ತಿಹೋದಂತಾಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಅದರ ಬಗ್ಗೆ ಕಹಿ ಹುಟ್ಟುವುದು, ತನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವ. ಅದನ್ನು ರೋಗ ಎಂದು ಕರೆಯದೆ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಷ್ಟೇ ಕರೆದಿದೆ. ನನಗೆ ಆ ಎಚ್ಚರ ಸರಿ ಎನಿಸುತ್ತದೆ. ರೋಗ ಎಂದ ಕೂಡಲೇ ಚಿಕಿತ್ಸೆಯ ಹೊಣೆ ಪೂರ್ತಿಯಾಗಿ ದುಡಿಯುವವನ ಮೇಲೆ ಬೀಳುತ್ತದೆ. ಸ್ಥಿತಿ ಎಂದಾಗ, ಆ ಸ್ಥಿತಿಯನ್ನು ಉಂಟುಮಾಡಿದ ಏರ್ಪಾಡನ್ನೂ ನೋಡಬೇಕಾಗುತ್ತದೆ.

ಆದರೆ ಅದು ಅಲ್ಲಿಗೇ ನಿಲ್ಲದೆ ಖಿನ್ನತೆಯಾಗಿ ಬೆಳೆಯಬಲ್ಲದು. ಬ್ರಿಟನ್ನಿನ ಸರ್ಕಾರಿ ನೌಕರರನ್ನು ಹಲವು ದಶಕಗಳಿಂದ ಗಮನಿಸುತ್ತ ಬಂದಿರುವ ವೈಟ್‌ಹಾಲ್ ಅಧ್ಯಯನದ 2012ರ ವರದಿಯೊಂದರಲ್ಲಿ, ದಿನಕ್ಕೆ 7-8 ಗಂಟೆ ಕೆಲಸ ಮಾಡುವವರಿಗೆ ಹೋಲಿಸಿದರೆ 11 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಮುಂದಿನ ಸುಮಾರು ಆರು ವರ್ಷಗಳಲ್ಲಿ ತೀವ್ರ ಖಿನ್ನತೆ ಕಾಣಿಸಿಕೊಳ್ಳುವ ಸಂಭವ ಎರಡು ಪಟ್ಟಿಗೂ ಹೆಚ್ಚಿತ್ತು. ಅಧ್ಯಯನ ಶುರುವಾದಾಗ ಅವರಲ್ಲಿ ಯಾರಿಗೂ ಖಿನ್ನತೆ ಇರಲಿಲ್ಲ.

ಪೀಣ್ಯದ ಫಿಟ್ಟರ್

ಇಷ್ಟು ಓದಿದ ಮೇಲೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಓ.ಟಿ. (ಓವರ್‌ಟೈಮ್) ಎಂದರೆ ಶಿಕ್ಷೆಯಲ್ಲ, ನಾವಾಗಿಯೇ ಕೇಳಿ ಪಡೆಯುವಂಥದ್ದು. ನನ್ನ ಸಂಬಳದಲ್ಲಿ ಮನೆ ಬಾಡಿಗೆಯೂ ದಿನಸಿಯೂ ಮುಗಿಯುತ್ತವೆ. ಮಗನ ಶಾಲೆಯ ಶುಲ್ಕ ಮತ್ತು ಊರಿನ ಸಾಲ ತೀರುವುದು ಓ.ಟಿ. ಹಣದಲ್ಲೇ. ಸೂಪರ್‌ವೈಸರ್ ಈ ವಾರ ಓ.ಟಿ. ಇಲ್ಲ ಎಂದರೆ ನಮಗೆ ಆತಂಕ ಶುರುವಾಗುತ್ತದೆ. ಇದೂ ಮನಸ್ಸಿನ ಮೇಲಿನ ಪರಿಣಾಮವೇ ಅಲ್ಲವೇ? ದುಡಿಮೆ ಕಡಿಮೆ ಮಾಡಿ ಎಂದು ಹೇಳುವವರು ಮೂಲ ಕೂಲಿಯ ಮಾತನ್ನೂ ಎತ್ತಬೇಕು.

ಹುಬ್ಬಳ್ಳಿ ಶುಶ್ರೂಷಕಿ

ಫಿಟ್ಟರ್ ಅವರ ಮಾತು ನಿಜ. ನಮ್ಮಲ್ಲೂ ಡಬಲ್ ಡ್ಯೂಟಿಯನ್ನು ಕೇಳಿ ಪಡೆಯುವವರಿದ್ದಾರೆ, ಬೇಡವೆಂದರೂ ಬರುವ ದಿನಗಳೂ ಇವೆ. ಬದಲಿ ಸಿಬ್ಬಂದಿ ಬರದಿದ್ದರೆ ವಾರ್ಡ್ ಬಿಟ್ಟು ಹೋಗುವಂತಿಲ್ಲ. ಹೋದರೆ ರೋಗಿಗಳನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ನಮ್ಮ ಮನಸ್ಸೇ ಕೇಳುತ್ತದೆ.

ಎರಡು ವರ್ಷಗಳ ಹಿಂದೆ, ಹದಿನಾರನೆಯ ಗಂಟೆಯ ಹೊತ್ತಿಗೆ, ಪಕ್ಕದ ಹಾಸಿಗೆಯ ರೋಗಿಗೆ ಕೊಡಬೇಕಾದ ಚುಚ್ಚುಮದ್ದನ್ನು ಇನ್ನೊಬ್ಬ ಅಜ್ಜಿಗೆ ಕೊಡಲು ಸಿರಿಂಜ್ ಹಿಡಿದು ನಿಂತಿದ್ದೆ. ಆ ಅಜ್ಜಿಯೇ "ಈಗಷ್ಟೇ ಕೊಟ್ಟೆಯಲ್ಲ ತಂಗಿ" ಎಂದದ್ದರಿಂದ ತಪ್ಪಿತು. ವಾಸ್ತವದಲ್ಲಿ ನಾನು ಯಾರಿಗೂ ಕೊಟ್ಟಿರಲಿಲ್ಲ, ಅವರಿಗೂ ಗೊಂದಲವಾಗಿತ್ತು. ಇಬ್ಬರ ಗೊಂದಲವೂ ಸೇರಿ ಒಂದು ಅಪಾಯ ತಪ್ಪಿತು, ಅಷ್ಟೇ. ಆ ಕ್ಷಣದಲ್ಲಿ ನನಗೆ ಕಣ್ಣು ಮುಚ್ಚಿ ಬರುತ್ತಿರಲಿಲ್ಲ, ನಾನು ಪೂರ್ತಿ ಎಚ್ಚರವಾಗಿದ್ದೇನೆ ಎಂದೇ ಅಂದುಕೊಂಡಿದ್ದೆ. ಅನಂತರ ಏಳೆಂಟು ತಿಂಗಳು, ಕೆಲಸ ಮುಗಿಸಿ ಮನೆ ತಲುಪಿದ ಮೇಲೂ, ಯಾರಿಗೆ ಯಾವ ಔಷಧ ಕೊಟ್ಟೆ ಎಂದು ಮನಸ್ಸಿನಲ್ಲೇ ಒಂದೊಂದು ಹಾಸಿಗೆಯನ್ನೂ ಎಣಿಸುತ್ತ ಮಲಗುತ್ತಿದ್ದೆ. ಕೆಲಸದ ಸಮಯ ಹದಿನಾರು ಗಂಟೆಯಾದರೆ, ಕೆಲಸದ ಯೋಚನೆ ಇಪ್ಪತ್ತನಾಲ್ಕು ಗಂಟೆಯೂ ನಡೆಯುತ್ತಿತ್ತು.

ಧಾರವಾಡದ ಮನೋವೈದ್ಯೆ

ನೀವು ಹದಿನಾರನೆಯ ಗಂಟೆ ಎಂದದ್ದರಿಂದ ಹೇಳುತ್ತೇನೆ. ಸತತ 17ರಿಂದ 19 ಗಂಟೆ ಎಚ್ಚರವಿದ್ದವರ ಪ್ರತಿಕ್ರಿಯೆಯ ವೇಗ ಮತ್ತು ಗಮನ, ರಕ್ತದ 100 ಮಿಲಿಲೀಟರಿನಲ್ಲಿ 50 ಮಿಲಿಗ್ರಾಂ ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂಬುದು ಆಸ್ಟ್ರೇಲಿಯಾದ ಸಂಶೋಧಕರ ಪ್ರಯೋಗಗಳಲ್ಲಿ ಕಂಡುಬಂದಿದೆ. ನಮ್ಮ ದೇಶದಲ್ಲಿ ವಾಹನ ಚಾಲಕರಿಗೆ ಇರುವ ಮಿತಿ 30 ಮಿಲಿಗ್ರಾಂ. ಡಬಲ್ ಡ್ಯೂಟಿ ಮುಗಿಸಿ ಸ್ಕೂಟರ್ ಏರಿ ಮನೆಗೆ ಹೋಗುವ ಶುಶ್ರೂಷಕಿಯನ್ನು ಯಾವ ಪೊಲೀಸರೂ ನಿಲ್ಲಿಸುವುದಿಲ್ಲ. ಅವಳ ಸ್ಥಿತಿ ಮಾತ್ರ ಆ ಮಿತಿಯನ್ನು ದಾಟಿರುತ್ತದೆ.

ವೈದ್ಯರ ಸ್ಥಿತಿಯೂ ಬೇರೆಯಲ್ಲ. ಸ್ನಾತಕೋತ್ತರ ವ್ಯಾಸಂಗದಲ್ಲಿ ನಾನು 36 ಗಂಟೆಗಳ ಪಾಳಿ ಮಾಡಿದ್ದೇನೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಕಿರಿಯ ವೈದ್ಯರ ಕೆಲಸ ವಾರಕ್ಕೆ 74 ಗಂಟೆ ಮೀರಬಾರದು ಎಂದು ಶಿಫಾರಸು ಮಾಡಿತು. 74 ಗಂಟೆಯನ್ನು ಸುಧಾರಣೆ ಎಂದು ಸ್ವಾಗತಿಸಬೇಕಾದ ಸ್ಥಿತಿಯಲ್ಲಿ ನಾವಿದ್ದೇವೆ ಎಂಬುದು ನನಗೆ ನೋವಿನ ಸಂಗತಿ.

ಜಯನಗರದ ಉದ್ಯಮಿ

ಇಲ್ಲಿನ ಅನುಭವಗಳನ್ನು ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯವನ್ನು ಮುಂದಿಡುತ್ತೇನೆ. ನಾನು ಒಂದು ಸಣ್ಣ ಸಂಸ್ಥೆಯನ್ನು ಕಟ್ಟುತ್ತಿದ್ದೇನೆ ಮತ್ತು ಆರು ವರ್ಷಗಳಿಂದ ವಾರಕ್ಕೆ 70 ಗಂಟೆಗಿಂತ ಕಡಿಮೆ ದುಡಿದದ್ದೇ ಇಲ್ಲ. ನನಗೆ ಖಿನ್ನತೆ ಬಂದಿಲ್ಲ. ನನ್ನ ಬದುಕಿನಲ್ಲಿ ಇಷ್ಟು ಸಂತೋಷದ ಕಾಲ ಬೇರೆ ಇರಲಿಲ್ಲ. ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ನಾರಾಯಣ ಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ದೊಡ್ಡ ಗದ್ದಲವಾಯಿತು. ಆದರೆ ಅವರ ಪೀಳಿಗೆ ಹಾಗೆ ದುಡಿದದ್ದರಿಂದಲೇ ಇಂದಿನ ಬೆಂಗಳೂರು ಇದೆ. ಕಾಯಕವೇ ಕೈಲಾಸ ಎಂದ ನಾಡು ನಮ್ಮದು. ಗಂಟೆಗಳನ್ನು ದೂರುವುದಕ್ಕಿಂತ, ಒಲ್ಲದ ಕೆಲಸವನ್ನು ಮಾಡುತ್ತಿರುವುದೇ ಸಮಸ್ಯೆಯ ಮೂಲ ಎಂದು ನನಗನಿಸುತ್ತದೆ.

ಧಾರವಾಡದ ಮನೋವೈದ್ಯೆ

ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಕೆಲಸದ ಹೊರೆ ಎಷ್ಟು ಎಂಬುದಷ್ಟೇ ಅಲ್ಲ, ಆ ಹೊರೆಯ ಮೇಲೆ ಹಿಡಿತ ಯಾರದು ಎಂಬುದೂ ಮನಸ್ಸಿನ ಆರೋಗ್ಯವನ್ನು ನಿರ್ಧರಿಸುತ್ತದೆ ಎಂದು ರಾಬರ್ಟ್ ಕರಾಸೆಕ್ 1979ರಲ್ಲೇ ತೋರಿಸಿದ್ದರು. ಹೊರೆ ಹೆಚ್ಚು, ಹಿಡಿತ ಕಡಿಮೆ ಇರುವಲ್ಲಿ ಹಾನಿ ಅತಿ ಹೆಚ್ಚು. ನೀವು ಯಾವಾಗ ನಿಲ್ಲಿಸಬೇಕೆಂದು ನೀವೇ ನಿರ್ಧರಿಸುತ್ತೀರಿ, ದುಡಿದದ್ದರ ಫಲವೂ ನಿಮ್ಮದೇ. ಹೊಸಕೆರೆಹಳ್ಳಿಯವರಿಗೆ ಆ ಎರಡೂ ಇಲ್ಲ. ದುಡಿದಷ್ಟಕ್ಕೆ ತಕ್ಕ ಹಣವಾಗಲಿ ಮನ್ನಣೆಯಾಗಲಿ ಸಿಗದಿರುವ ಅಸಮತೋಲವೇ ಒಂದು ರೋಗಕಾರಣ ಎಂದು ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ ಬೇರೆಯಾಗಿಯೇ ವಾದಿಸಿದ್ದಾರೆ. ಕೂಲಿಯಿಲ್ಲದ ಓ.ಟಿ. ಮತ್ತು ಕೂಲಿ ಸಿಗುವ ಓ.ಟಿ. ಮನಸ್ಸಿಗೆ ಒಂದೇ ಅಲ್ಲ. ಫಿಟ್ಟರ್ ಅವರ ಮಾತಿಗೂ ಇದು ಉತ್ತರ.

ಆದರೆ ಇನ್ನರ್ಧವನ್ನು ಒಪ್ಪಲಾರೆ. ಕೆಲಸವನ್ನು ಪ್ರೀತಿಸುತ್ತೀರಿ ಎಂದು ರಕ್ತನಾಳಗಳು ರಿಯಾಯಿತಿ ಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಜಂಟಿ ಅಂದಾಜಿನ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಸುಮಾರು ಶೇ 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಅಂಥ ದುಡಿಮೆಗೆ ಸಂಬಂಧಿಸಿದ ಸಾವುಗಳು 7,45,000. ಜೊತೆಗೆ ದಯವಿಟ್ಟು ಈ ಚರ್ಚೆಯ ಮೊದಲ ಪ್ರಶ್ನೆಗೆ ಹಿಂತಿರುಗಿ. ನಾಲ್ಕು ತಿಂಗಳ ಹಿಂದೆ ಕೇಳಿದ್ದರೆ ಅವರೂ ತಾವು ಚೆನ್ನಾಗಿದ್ದೇವೆ ಎಂದೇ ಹೇಳುತ್ತಿದ್ದರು. ನೀವು ಹೇಗಿದ್ದೀರಿ ಎಂದು ನಿಮ್ಮ ಮನೆಯವರನ್ನು ಒಮ್ಮೆ ಕೇಳಿ ನೋಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ನಿವೃತ್ತ ಕಾರ್ಮಿಕ ಅಧಿಕಾರಿ

ಕಾಯಕದ ಮಾತು ಬಂದದ್ದರಿಂದ ಒಂದು ನೆನಪು. ಅಕ್ಕಿ ಆಯುವ ಕಾಯಕದ ದಂಪತಿಯ ಕಥೆ ನಮ್ಮಲ್ಲಿ ಎಲ್ಲರಿಗೂ ತಿಳಿದದ್ದೇ. ಗಂಡ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಅದನ್ನು ಒಲೆಗೇರಿಸದೆ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳು. ಕಾಯಕ ಎಂದರೆ ಮಿತಿಯಿಲ್ಲದ ದುಡಿಮೆ ಎಂಬ ಅರ್ಥ ಆ ಪರಂಪರೆಯಲ್ಲಿ ಇಲ್ಲ. ಅಲ್ಲಿ ಇಂದಿಗೆ ಇಷ್ಟು ಸಾಕು ಎಂಬ ಅಳತೆಯೂ ಇದೆ. ಆ ಅಳತೆಯನ್ನು ಹೇಳಿದವಳು ಗಂಡನ ದುಡಿಮೆಯನ್ನು ಹೊರಗಿನಿಂದ ನೋಡುತ್ತಿದ್ದ ಹೆಂಡತಿ ಎಂಬುದನ್ನು ಗಮನಿಸಿ.

ಇನ್ನು ಕಾನೂನಿನ ಮಾತು. 1948ರ ಕಾರ್ಖಾನೆ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಇತ್ತು, ಅದನ್ನು ಮೀರಿದ್ದಕ್ಕೆ ಎರಡು ಪಟ್ಟು ಕೂಲಿ ಎಂದಿತ್ತು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಓ.ಟಿ. ಸೇರಿ ದಿನಕ್ಕೆ 10 ಗಂಟೆ, ಮೂರು ತಿಂಗಳಿಗೆ ಒಟ್ಟು 50 ಗಂಟೆ ಓ.ಟಿ. ಎಂದು ಕಟ್ಟು ಹಾಕಿತ್ತು. ಈ ಕಟ್ಟುಗಳನ್ನು ಸಡಿಲಿಸುವ ಪ್ರಯತ್ನ ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ನಡೆಯುತ್ತ ಬಂದಿದೆ. 2020ರ ಮೇ ತಿಂಗಳಲ್ಲಿ ಕಾರ್ಖಾನೆಗಳಿಗೆ ದಿನಕ್ಕೆ 10, ವಾರಕ್ಕೆ 60 ಗಂಟೆಗೆ ಅವಕಾಶ ಕೊಟ್ಟು ಹೊರಡಿಸಿದ ಅಧಿಸೂಚನೆಯನ್ನು ಮರುತಿಂಗಳೇ ಹಿಂಪಡೆಯಲಾಯಿತು. ಕಾರ್ಖಾನೆ ಕಾಯ್ದೆಗೆ ತಂದ 2023ರ ತಿದ್ದುಪಡಿಯಿಂದ, ವಾರದ 48 ಗಂಟೆಗಳ ಮಿತಿಯೊಳಗೆ, ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು ಎಂದಾಯಿತು. ಮೂರು ತಿಂಗಳ ಓ.ಟಿ. ಮಿತಿ 75ರಿಂದ 145 ಗಂಟೆಗೆ ಏರಿತು. 2024ರ ಜುಲೈನಲ್ಲಿ ಐಟಿ ಕ್ಷೇತ್ರದಲ್ಲಿ ದಿನದ ದುಡಿಮೆಯನ್ನು 14 ಗಂಟೆವರೆಗೆ ವಿಸ್ತರಿಸುವ ಪ್ರಸ್ತಾಪ ಬಂದಾಗ ಕರ್ನಾಟಕ ರಾಜ್ಯ ಐಟಿ ಮತ್ತು ಐಟಿಇಎಸ್ ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು. 2025ರಲ್ಲಿ ಅಂಗಡಿ ಕಾಯ್ದೆಯ ಮಿತಿಯನ್ನು ಓ.ಟಿ. ಸೇರಿ 12 ಗಂಟೆಗೆ, ಮೂರು ತಿಂಗಳ 50 ಗಂಟೆಯನ್ನು 144 ಗಂಟೆಗೆ ಏರಿಸುವ ಪ್ರಸ್ತಾಪ ಮತ್ತೆ ಬಂತು.

ಪ್ರತಿ ಸಲವೂ ಕೇಳಿಬರುವ ಸಮರ್ಥನೆ ಒಂದೇ: ದುಡಿಯುವವನು ಒಪ್ಪಿದರೆ ತಪ್ಪೇನು? ನನ್ನ ಸೇವಾವಧಿಯಲ್ಲಿ ಒಪ್ಪಿಗೆಪತ್ರಗಳ ಕಟ್ಟುಗಳನ್ನೇ ನೋಡಿದ್ದೇನೆ; ಒಂದೇ ಪೆನ್ನಿನಿಂದ, ಒಂದೇ ದಿನ ಸಹಿಯಾದ ಪತ್ರಗಳವು. ಅದು ಹಾಗಿರಲಿ, ನಿಜವಾಗಿ ಮನಸಾರೆ ಒಪ್ಪಿದ್ದಾನೆ ಎಂದೇ ಇಟ್ಟುಕೊಳ್ಳೋಣ. ವೈದ್ಯೆಯವರು ಹೇಳಿದಂತೆ ದಣಿದವನಿಗೆ ತನ್ನ ದಣಿವಿನ ಅಳತೆಯೇ ಸಿಗದಿದ್ದರೆ, ಅವನ ಒಪ್ಪಿಗೆಯನ್ನು ಎಷ್ಟರಮಟ್ಟಿಗೆ ಒಪ್ಪಿಗೆ ಎನ್ನಬಹುದು? ಕಾನೂನು ಗಂಟೆಗಳನ್ನು ಎಣಿಸುವುದು ಈ ಕಾರಣಕ್ಕೆ. ಅದು ಮನಸ್ಸನ್ನು ಅಳೆಯಲಾರದು, ಗಡಿಯಾರವನ್ನು ಅಳೆಯಬಲ್ಲದು; ಮತ್ತು ಗಡಿಯಾರ ದಣಿಯುವುದಿಲ್ಲ.

ಹೆಚ್ಚು ಗಂಟೆಯೆಂದರೆ ಹೆಚ್ಚು ಕೆಲಸ ಎಂಬ ನಂಬಿಕೆಯೂ ಗಟ್ಟಿಯಲ್ಲ. ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ಮದ್ದುಗುಂಡು ಕಾರ್ಖಾನೆಗಳ ಲೆಕ್ಕಪತ್ರಗಳನ್ನು ಅರ್ಥಶಾಸ್ತ್ರಜ್ಞ ಜಾನ್ ಪೆನ್ಕಾವೆಲ್ 2014ರಲ್ಲಿ ಮರುಪರಿಶೀಲಿಸಿದಾಗ, ವಾರಕ್ಕೆ 70 ಗಂಟೆ ದುಡಿದವರ ಉತ್ಪಾದನೆ 56 ಗಂಟೆ ದುಡಿದವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ ಎಂದು ಕಂಡುಬಂತು. ಆ ಹದಿನಾಲ್ಕು ಗಂಟೆಗಳಲ್ಲಿ ಮಾಲೀಕನಿಗೆ ದಕ್ಕಿದ್ದು ಬಹಳ ಕಡಿಮೆ; ಕಾರ್ಮಿಕ ಕಳೆದುಕೊಂಡದ್ದು ವಾರಕ್ಕೆ ಹದಿನಾಲ್ಕು ಗಂಟೆಗಳ ಬದುಕು.

ಮಂಡ್ಯದ ಮಗಳು

ನಾನು ಇಲ್ಲಿ ಬರೆಯುವುದು ಅಪರೂಪ. ನನ್ನ ಗಂಡನೂ ಹೀಗೆಯೇ ರಾತ್ರಿಯ ಪಾಳಿ, ಅದರ ಮೇಲೆ ಓ.ಟಿ. ಎಂದು ಎರಡು ವರ್ಷ ದುಡಿದರು. ಮೊದಲು ಮಾತು ಕಡಿಮೆಯಾಯಿತು, ಆಮೇಲೆ ಊಟ ಕಡಿಮೆಯಾಯಿತು, ಆಮೇಲೆ ಮಲಗುವ ಮುನ್ನ ಕುಡಿತ ಶುರುವಾಯಿತು. ಕುಡಿಯದಿದ್ದರೆ ತಲೆ ನಿಲ್ಲುವುದಿಲ್ಲ, ನಿದ್ದೆ ಬರುವುದಿಲ್ಲ ಎನ್ನುತ್ತಿದ್ದರು. ಕೆಲಸದ ದಣಿವು ಇರಬೇಕು, ಪ್ರಾಜೆಕ್ಟ್ ಮುಗಿದರೆ ಸರಿಹೋಗುತ್ತದೆ ಎಂದು ನಾನು ಅಂದುಕೊಂಡೆ. ಕಳೆದ ವರ್ಷ ಒಂದು ಬೆಳಿಗ್ಗೆ ಅವರು ಶೂ ಹಾಕಿಕೊಳ್ಳಲು ಕುಳಿತವರು ಏಳಲೇ ಇಲ್ಲ. ಲೇಸ್ ಹಿಡಿದುಕೊಂಡು ಒಂದು ಗಂಟೆ ಹಾಗೆಯೇ ಕುಳಿತಿದ್ದರು. ಈಗ ಚಿಕಿತ್ಸೆ ನಡೆಯುತ್ತಿದೆ, ಎಷ್ಟೋ ಮೇಲಾಗಿದ್ದಾರೆ. ಆದರೆ ನಾನು ಒಂದೇ ಮನೆಯಲ್ಲಿದ್ದೂ ಮೊದಲೇ ಗುರುತಿಸಲಿಲ್ಲವಲ್ಲ ಎಂಬ ಕೊರಗು ನನ್ನನ್ನು ಬಿಡುತ್ತಿಲ್ಲ. ಅತ್ತೆಯವರೂ ಒಮ್ಮೆ ಅದೇ ಮಾತನ್ನು ಕೇಳಿದರು. ಹೊರಗಿನವರು ಅಳೆಯಬೇಕು ಎಂದು ಮೇಲೆ ಓದಿದಾಗ, ಅಳೆಯದೆ ಹೋದ ತಪ್ಪು ನನ್ನದೇ ಎಂದು ಮತ್ತೆ ಅನ್ನಿಸಿತು.

ಓಸಾಕಾ ಕನ್ನಡಿಗ

ತಂಗಿ, ದಯವಿಟ್ಟು ಆ ಹೊರೆಯನ್ನು ಇಳಿಸಿ. ನಾನು ಹನ್ನೆರಡು ವರ್ಷಗಳಿಂದ ಜಪಾನಿನಲ್ಲಿದ್ದೇನೆ. ಇಲ್ಲಿ ಅತಿಯಾದ ದುಡಿಮೆಯಿಂದಾಗುವ ಸಾವಿಗೆ ಕರೋಶಿ ಎಂಬ ಪದವೇ ಇದೆ. ನಿಮ್ಮ ಪ್ರಶ್ನೆಯನ್ನು ಈ ದೇಶದ ಸರ್ವೋಚ್ಚ ನ್ಯಾಯಾಲಯವೇ ಎದುರಿಸಿ ಉತ್ತರ ಕೊಟ್ಟಿದೆ ಎಂಬುದನ್ನು ನಿಮಗೆ ತಿಳಿಸಬೇಕೆನಿಸಿತು.

1991ರಲ್ಲಿ ಒಂದು ದೊಡ್ಡ ಜಾಹೀರಾತು ಸಂಸ್ಥೆಯ 24 ವರ್ಷದ ಉದ್ಯೋಗಿ, ತಿಂಗಳುಗಟ್ಟಲೆ ನಿದ್ರೆಯಿಲ್ಲದ ದುಡಿಮೆಯಿಂದ ಖಿನ್ನತೆಗೊಳಗಾಗಿ ಜೀವ ಕಳೆದುಕೊಂಡ. ಆತ ತಂದೆ ತಾಯಿಯೊಂದಿಗೆ ಒಂದೇ ಮನೆಯಲ್ಲಿದ್ದ. ಮೊಕದ್ದಮೆ ನಡೆದಾಗ ಕೆಳಗಿನ ನ್ಯಾಯಾಲಯವು, ಆತನ ಸ್ವಭಾವವೂ ಇದಕ್ಕೆ ಕಾರಣ, ಜೊತೆಗಿದ್ದ ತಂದೆ ತಾಯಿ ಏನಾದರೂ ಮಾಡಬಹುದಿತ್ತು ಎಂದು ಹೇಳಿ ಪರಿಹಾರವನ್ನು ಕಡಿಮೆ ಮಾಡಿತು. 2000ದ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಎರಡು ಕಾರಣಗಳನ್ನೂ ತಳ್ಳಿಹಾಕಿತು. ದುಡಿಮೆಯ ಹೊರೆ ಅತಿಯಾಗಿ ಉದ್ಯೋಗಿಯ ದೇಹಕ್ಕಾಗಲಿ ಮನಸ್ಸಿಗಾಗಲಿ ಹಾನಿಯಾಗದಂತೆ ನೋಡಿಕೊಳ್ಳುವ ಹೊಣೆ ಸಂಸ್ಥೆಯದು. ಉದ್ಯೋಗಿಯ ಸ್ವಭಾವ ಸಾಮಾನ್ಯ ಮನುಷ್ಯರಲ್ಲಿ ಕಾಣುವ ವೈವಿಧ್ಯದ ಒಳಗೇ ಇರುವಾಗ ಅದನ್ನು ಮುಂದಿಟ್ಟು ಪರಿಹಾರ ಕಡಿಮೆ ಮಾಡುವಂತಿಲ್ಲ. ಅವನ ಕೆಲಸದ ಪರಿಸ್ಥಿತಿಯನ್ನು ಬದಲಿಸುವ ಅಧಿಕಾರ ತಂದೆ ತಾಯಿಯ ಕೈಯಲ್ಲಿ ಇರಲಿಲ್ಲ ಎಂಬುದು ತೀರ್ಪಿನ ಸಾರ. ನಿಮ್ಮ ಕೈಯಲ್ಲೂ ಇರಲಿಲ್ಲ.

ತೀರ್ಪು ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. 2015ರಲ್ಲಿ ಅಂಥದ್ದೇ ಇನ್ನೊಂದು ದುರಂತ ನಡೆದು ಇಡೀ ದೇಶ ತಲ್ಲಣಿಸಿತು. ಅದರ ನಂತರ 2018ರಲ್ಲಿ ಬಂದ ಕಾನೂನು ಓ.ಟಿ.ಯನ್ನು ಸಾಮಾನ್ಯವಾಗಿ ತಿಂಗಳಿಗೆ 45, ವರ್ಷಕ್ಕೆ 360 ಗಂಟೆಗೆ ಸೀಮಿತಗೊಳಿಸಿ, ತೀರಾ ವಿಶೇಷ ಸಂದರ್ಭದಲ್ಲೂ ತಿಂಗಳಿಗೆ 100 ಗಂಟೆ ಮುಟ್ಟಬಾರದು, ಮುಟ್ಟಿದರೆ ದಂಡ ಎಂದಿತು. ನಮ್ಮ ಕಚೇರಿಯಲ್ಲಿ ಈಗ ಬಾಗಿಲಿನ ಕಾರ್ಡಿನಿಂದಲೇ ಗಂಟೆಗಳ ಲೆಕ್ಕ ಸಿಗುತ್ತದೆ. ತಿಂಗಳಿಗೆ 80 ಗಂಟೆ ದಾಟಿದವರನ್ನು ಸಂಸ್ಥೆಯ ವೈದ್ಯರು ಭೇಟಿಯಾಗಬಹುದು. ನಾನು ಬಂದ ಹೊಸದರಲ್ಲಿ ಕೊನೆಯ ರೈಲು ತಪ್ಪಿಸಿಕೊಳ್ಳುವುದೇ ಶ್ರದ್ಧೆಯ ಗುರುತಾಗಿತ್ತು. ಈಗ ಏಳು ಗಂಟೆಗೆ ಎದ್ದು ಹೊರಟವರನ್ನು ಯಾರೂ ತಿರುಗಿ ನೋಡುವುದಿಲ್ಲ.

ಹುಬ್ಬಳ್ಳಿ ಶುಶ್ರೂಷಕಿ

ಮಂಡ್ಯದ ಅಕ್ಕ, ಅವರಿಗೆ ಆ ಬೆಳಿಗ್ಗೆ ಶೂ ಬಿಚ್ಚಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದವರು ನೀವೇ ಅಲ್ಲವೇ?

ಮಂಡ್ಯದ ಮಗಳು

ಹೌದು, ನಾನೇ. ಇಬ್ಬರಿಗೂ ಧನ್ಯವಾದಗಳು. ತೀರ್ಪಿನ ವಿಷಯವನ್ನು ಅತ್ತೆಯವರಿಗೂ ಓದಿ ಹೇಳುತ್ತೇನೆ.

ಧಾರವಾಡದ ಮನೋವೈದ್ಯೆ

ಮನೆಯವರು ಏನನ್ನು ಗಮನಿಸಬೇಕು ಎಂದು ಇಬ್ಬರು ಖಾಸಗಿಯಾಗಿ ಕೇಳಿದ್ದಾರೆ, ಆದ್ದರಿಂದ ಇಲ್ಲೇ ಬರೆಯುತ್ತೇನೆ. ಅಳುವುದನ್ನೋ ಸಿಡುಕುವುದನ್ನೋ ಮಾತ್ರ ಕಾಯಬೇಡಿ. ಮೊದಲು ಇಷ್ಟಪಡುತ್ತಿದ್ದದ್ದನ್ನು ಬಿಟ್ಟಿದ್ದಾರೆಯೇ, ರಜೆಯ ದಿನ ಹನ್ನೆರಡು ಗಂಟೆ ಮಲಗಿದರೂ ಎದ್ದಾಗ ಹಗುರಾಗುತ್ತಿಲ್ಲವೇ, ಸಣ್ಣ ನಿರ್ಧಾರವನ್ನೂ ಮುಂದೂಡುತ್ತಿದ್ದಾರೆಯೇ, ಫೋನ್ ಸದ್ದಾದಾಗ ಮೈ ಬೆಚ್ಚುತ್ತದೆಯೇ, ನಿದ್ರೆಗಾಗಿ ಮದ್ಯದ ಆಸರೆ ಹಿಡಿದಿದ್ದಾರೆಯೇ ಎಂಬುದನ್ನು ನೋಡಿ. ಮದ್ಯದಿಂದ ಬೇಗ ನಿದ್ರೆ ಹತ್ತುತ್ತದೆ ನಿಜ, ಆದರೆ ನಾನು ಮೇಲೆ ಹೇಳಿದ ಬೆಳಗಿನ ಜಾವದ ನಿದ್ರೆಯನ್ನು ಅದು ಒಡೆದುಹಾಕುತ್ತದೆ. "ನಾನಿಲ್ಲದಿದ್ದರೆ ಎಲ್ಲರಿಗೂ ಅನುಕೂಲ" ಎಂಬಂಥ ಮಾತು ಬಂದರೆ ಅದನ್ನು ದಣಿವಿನ ಮಾತೆಂದು ಬಿಡದೆ, ನೇರವಾಗಿ ಕೇಳಿ, ಒಬ್ಬರನ್ನೇ ಬಿಡದೆ ಆ ದಿನವೇ ವೈದ್ಯರ ಬಳಿ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲಿ ಮಾತನಾಡಬಹುದು, ಶುಲ್ಕವಿಲ್ಲ, ರಾತ್ರಿಯೂ ತೆರೆದಿರುತ್ತದೆ.

ಖರ್ಚಿನ ಚಿಂತೆಯಿರುವವರಿಗೆ ಒಂದು ಮಾತು: 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಸಂಸ್ಥೆಗಳು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆಯ ಸೌಲಭ್ಯ ಕೊಡಬೇಕು.

ಜಯನಗರದ ಉದ್ಯಮಿ

ನೀವು ಹೇಳಿದಂತೆ ಮನೆಯಲ್ಲಿ ಕೇಳಿದೆ. ನನ್ನ ಬಗ್ಗೆ ಹೆಂಡತಿ ಹೇಳಿದ್ದನ್ನು ಇಲ್ಲಿ ಬರೆಯಲಾರೆ, ಅದರ ಬಗ್ಗೆ ನಾವಿಬ್ಬರೂ ಇನ್ನೂ ಮಾತನಾಡಬೇಕಿದೆ. ಆದರೆ ಅವಳು ಇನ್ನೊಂದು ಪ್ರಶ್ನೆ ಕೇಳಿದಳು: ನಿನ್ನ ಬಳಿ ಕೆಲಸ ಮಾಡುವ ಒಂಬತ್ತು ಜನರನ್ನು ಕೇಳಿದ್ದೀಯಾ? ಕೇಳಿರಲಿಲ್ಲ. ನಾನು ರಾತ್ರಿ ಹನ್ನೊಂದಕ್ಕೆ ಕಳುಹಿಸುವ ಸಂದೇಶಗಳಿಗೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ ಉತ್ತರ ಬರುತ್ತಿದ್ದದ್ದನ್ನು ಅವರ ಉತ್ಸಾಹ ಎಂದು ತಿಳಿದಿದ್ದೆ. ಈ ವಾರದಿಂದ ಆ ಸಂದೇಶಗಳನ್ನು ಬೆಳಿಗ್ಗೆ ಒಂಬತ್ತಕ್ಕೆ ತಲುಪುವಂತೆ ಹೊಂದಿಸಿದ್ದೇನೆ. 70 ಗಂಟೆಯ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಆದರೆ ಅದು ನನ್ನ 70 ಗಂಟೆ, ಅವರದಲ್ಲ.

ಹೊಸಕೆರೆಹಳ್ಳಿ ನಿವಾಸಿ

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಕಾರ್ಮಿಕ ಅಧಿಕಾರಿಯವರ ಮಾತಿನಂತೆ ನನ್ನ ಗಂಟೆಗಳನ್ನು ಒಂದು ತಿಂಗಳು ಬರೆದಿಟ್ಟೆ. ವಾರಕ್ಕೆ ಸರಾಸರಿ 66 ಗಂಟೆ ಬಂತು. ನನ್ನ ಅಂದಾಜು 55 ಇತ್ತು. ಆ ಲೆಕ್ಕವನ್ನು ಮ್ಯಾನೇಜರ್ ಮುಂದಿಟ್ಟಾಗ ಅವರು ಮೊದಲು ನಂಬಲಿಲ್ಲ, ಆಮೇಲೆ ತಮ್ಮದನ್ನೂ ಎಣಿಸಿ ಸುಮ್ಮನಾದರು. ಈಗ ರಾತ್ರಿಯ ಕರೆಗಳನ್ನು ನಾಲ್ವರು ಸರದಿಯಲ್ಲಿ ಹಂಚಿಕೊಂಡಿದ್ದೇವೆ; ರಾತ್ರಿ ಕುಳಿತವರು ಮರುದಿನ ಮಧ್ಯಾಹ್ನಕ್ಕೆ ಬಂದರೆ ಸಾಕು. ಗ್ರಾಹಕರ ಕಡೆಯವರು ಒಂದು ಮಾತೂ ಆಡದೆ ಒಪ್ಪಿಕೊಂಡರು. ಹದಿನಾಲ್ಕು ತಿಂಗಳಲ್ಲಿ ನಮ್ಮಲ್ಲಿ ಯಾರೂ ಅವರನ್ನು ಕೇಳಿಯೇ ಇರಲಿಲ್ಲ.

ವೈದ್ಯರನ್ನೂ ಕಂಡೆ. ನಿದ್ರೆ ಆರೂವರೆ, ಏಳು ಗಂಟೆಗೆ ಬಂದು ಮೂರು ವಾರವಾದ ಮೇಲೆ, ಒಂದು ಶನಿವಾರ ತಿಪಟೂರಿಗೆ ಹೋಗಿ ಅತ್ತೆಯ ಮನೆಯ ಜಗಲಿಯ ಮೇಲೆ ಕುಳಿತಿದ್ದೆ. ಮಾವನ ಸೈಕಲ್ಲನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು, ಅದರ ಸೀಟಿನ ಮೇಲೆ ಅವರು ಸುತ್ತಿದ್ದ ಹಳೆಯ ಟವೆಲ್ಲು ಹಾಗೆಯೇ ಇತ್ತು. ಆಗ ಅಳು ಬಂತು. ಅತ್ತೆ ಏನೂ ಕೇಳದೆ ಪಕ್ಕದಲ್ಲಿ ಬಂದು ಕುಳಿತರು.

ಪೀಣ್ಯದ ಫಿಟ್ಟರ್

ಓದಿದೆ ಸ್ವಾಮಿ. ನಾನೂ ಒಂದು ಚಿಕ್ಕ ಪುಸ್ತಕದಲ್ಲಿ ಬರೆಯಲು ಶುರು ಮಾಡಿದ್ದೇನೆ. ಕಳೆದ ತಿಂಗಳು ಓ.ಟಿ. 58 ಗಂಟೆ, ಪಗಾರ ಚೀಟಿಯಲ್ಲಿ ಬಂದದ್ದು 41. ಉಳಿದ 17 ಗಂಟೆಯ ಬಗ್ಗೆ ಕೇಳಲು ಸೋಮವಾರ ನಾವು ಐವರು ಒಟ್ಟಿಗೆ ಹೋಗುತ್ತಿದ್ದೇವೆ. ಕಾರ್ಮಿಕ ಅಧಿಕಾರಿಯವರು ಅರ್ಜಿಯನ್ನು ಹೇಗೆ ಬರೆಯಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.